ಹನ್ನೆರಡು ಮಾರು ನೀರಿನಲ್ಲಿ ತೆರೆಯುವ ಪುಟ

ಕಾಪುವಿನ ತೀರದಲ್ಲಿ ಬೆಳಕು ತನ್ನ ಬಣ್ಣ ಯಾವುದೆಂದು ಇನ್ನೂ ನಿರ್ಧರಿಸಿಲ್ಲ. ದೀಪಸ್ತಂಭದ ಬಂಡೆಯ ಬಲಕ್ಕೆ, ಮರಳಿಗೆ ಎಳೆದಿಟ್ಟ ನಾಡದೋಣಿಯೊಂದರ ಪಕ್ಕದಲ್ಲಿ ಮೈ ಒರೆಸುವ ಒಂದು ಬೈರಾಸು ಹಾಸಿದೆ. ಅದರ ಮೇಲೆ ಒಂಬತ್ತು ಮೊಬೈಲುಗಳು ಸಾಲಾಗಿ ಮಲಗಿವೆ. ಒಂದರ ಗಾಜು ಮೂಲೆಯಿಂದ ಮೂಲೆಗೆ ಬಿರಿದಿದೆ. ಇನ್ನೊಂದರ ಹಿಂಬದಿಯ ಮುಚ್ಚಳ ಬೀಳದ ಹಾಗೆ ರಬ್ಬರ್ ಬ್ಯಾಂಡ್ ಸುತ್ತಿದೆ. ಮೊಣಕಾಲೂರಿ ಕುಳಿತ ಹೆಂಗಸು ಒಂದೊಂದನ್ನೇ ಒತ್ತುತ್ತಾ ಹೋಗುತ್ತಾರೆ. ಒಂಬತ್ತು ಬಿಳಿ ಚೌಕಗಳು ಹೊತ್ತಿಕೊಳ್ಳುತ್ತವೆ. ಪುಟ ಇನ್ನೂ ಬಂದಿಲ್ಲ, ಎಲ್ಲಿಂದಲೋ ಹೊರಟಿದೆ. ಆ ಖಾಲಿ ಬಿಳುಪನ್ನು ನೋಡುತ್ತಾ ಅವರು ತುಟಿಯಲ್ಲೇ ಎಣಿಸುತ್ತಾರೆ. ಒಂದು, ಎರಡು, ಮೂರು.

ಇವರು ಜಯಮಾಲಾ. ವಯಸ್ಸು ಮೂವತ್ಮೂರು. ಸಂತೆಕಟ್ಟೆಯಲ್ಲಿ, ಹೆದ್ದಾರಿಗೆ ಮುಖ ಮಾಡಿದ ಒಂದೂವರೆ ಮಾರು ಅಗಲದ ಅಂಗಡಿಯಲ್ಲಿ ಮೊಬೈಲ್ ರಿಪೇರಿ ಮಾಡುತ್ತಾರೆ. ಅದು ಎಲ್ಲರಿಗೂ ಕಾಣುವ ಕೆಲಸ. ಯಾರಿಗೂ ಕಾಣದ ಕೆಲಸ ಇನ್ನೊಂದಿದೆ. ಮಣಿಪಾಲದ ಸಣ್ಣ ಸಣ್ಣ ಆಫೀಸುಗಳು ಮಾಡುವ ವೆಬ್ ಪುಟಗಳು ಸಾಮಾನ್ಯರ ಕೈಯಲ್ಲಿರುವ ಹಳೆಯ ಮೊಬೈಲುಗಳಲ್ಲಿ ಬರುತ್ತವೆಯೋ ಇಲ್ಲವೋ ಎಂದು ನೋಡಿ ಹೇಳುವುದು. ಆ್ಯಪ್ ಮಾಡಬೇಕೆ, ಪುಟ ಸಾಕೆ, ದೊಡ್ಡ ಪರದೆಯ ಪುಟವನ್ನೇ ಮೊಬೈಲಿಗೂ ಕುಗ್ಗಿಸಬೇಕೆ, ಮೊಬೈಲಿಗೆ ಬೇರೆಯೇ ಬರೆಯಬೇಕೆ ಎಂಬ ಚರ್ಚೆ ತಣ್ಣನೆಯ ಕೋಣೆಗಳಲ್ಲಿ ನಡೆಯುತ್ತದೆ. ಉತ್ತರ ಹುಡುಕಲು ಬಿಸಿಲಿಗೆ, ಮರಳಿಗೆ ಬರುವವರು ಜಯಮಾಲಾ.

ಇವತ್ತಿನ ಪ್ರಶ್ನೆ ಸಣ್ಣದಲ್ಲ. ಇಲ್ಲಿನ ನಾಡದೋಣಿ ಮೀನುಗಾರರ ಸಂಘ ಕಡಲಿನ ಸ್ಥಿತಿಯ ಸೂಚನೆಯನ್ನು ಸದಸ್ಯರ ಮೊಬೈಲಿಗೆ ಮುಟ್ಟಿಸಬೇಕು. ಗಾಳಿ ಏಳುವ ಮುನ್ಸೂಚನೆ ಇದ್ದರೆ ದೋಣಿಯಲ್ಲಿರುವವರಿಗೆ ಅದು ಸಿಗಲೇಬೇಕು. ಹೇಗೆ ಮುಟ್ಟಿಸುವುದೆಂದು ಸಂಜೆಯ ಸಭೆಯಲ್ಲಿ ತೀರ್ಮಾನ. ಅದಕ್ಕೆ ಮೊದಲು ಒಮ್ಮೆ ನೀರಿನ ಮೇಲೆ ಹೋಗಿ ನೋಡಬೇಕೆಂದು ಜಯಮಾಲಾ ಹಟ ಹಿಡಿದಿದ್ದಾರೆ.

"ಕಳೆದ ವರ್ಷ ಸಂಘದ ಪುಟವನ್ನು ನಾನು ಅಂಗಡಿಯಲ್ಲೇ ಕುಳಿತು ನೋಡಿ ಆಗ್ತದೆ ಅಂದುಬಿಟ್ಟೆ. ಸಂತೆಕಟ್ಟೆಯಲ್ಲಿ ಟವರ್ ತಲೆ ಮೇಲೆಯೇ ಉಂಟು. ಕೈ ಒಣಗಿತ್ತು. ಎಲ್ಲ ಚಂದ ಬಂತು" ಎನ್ನುತ್ತಾರೆ. ಮುಂದಿನದನ್ನು ಹೇಳುವಾಗ ಕಡಲಿನ ಕಡೆ ತಿರುಗುತ್ತಾರೆ.

ಕಳೆದ ಆಗಸ್ಟಿನ ಒಂದು ಬೆಳಿಗ್ಗೆ ಸಂಘದ ಪುಟದಲ್ಲಿ ಎಚ್ಚರಿಕೆ ಇತ್ತು. ಬಲೆ ಬಿಡುವ ಮೊದಲು ಇಲ್ಲಿನ ಮೀನುಗಾರ, ಅರುವತ್ತೊಂದು ವರ್ಷದ ಬೂಬ ಅದನ್ನು ತೆರೆದರು. ಪುಟ ಪೂರ್ತಿ ಬರಲೇ ಇಲ್ಲ. ಬಾರದ್ದನ್ನು ಅವರು ಏನೂ ಇಲ್ಲವೆಂದು ಓದಿಕೊಂಡರು. ಹಿಂದಿರುಗುವಾಗ ದಡಕ್ಕೆ ಕೂಗಳತೆಯಲ್ಲಿ ದೋಣಿ ಮಗುಚಿತು. ಜೊತೆಗಿದ್ದವನೂ ಅವರೂ ಈಜಿ ಬಂದರು. ಅಂದಿನಿಂದ ಅವರ ಎಡಗೈ ಮಾತ್ರ ಹೆಗಲಿಗಿಂತ ಮೇಲೆ ಏಳುವುದಿಲ್ಲ. ಬೂಬ ಈಗಲೂ ಕಡಲಿಗೆ ಹೋಗುತ್ತಾರೆ. ಇನ್ನೊಮ್ಮೆ ನೀರಿಗೆ ಬಿದ್ದರೆ ಒಂದೇ ಕೈಯಲ್ಲಿ ಈಜಬೇಕು.

ಜಯಮಾಲಾ ಹುಟ್ಟಿದ್ದು ಕಡಲಿನ ಸುದ್ದಿಯೇ ಇಲ್ಲದ ಕುಷ್ಟಗಿಯ ಕಡೆ. ಒಂಬತ್ತನೆಯ ವಯಸ್ಸಿನಲ್ಲಿ ತಂದೆ ಗುರಲಿಂಗಪ್ಪ, ತಾಯಿ ಹುಲಿಗೆವ್ವನ ಜೊತೆ ಮಣಿಪಾಲಕ್ಕೆ ಬಂದರು. ತಂದೆತಾಯಿ ಕಾಂಕ್ರೀಟ್ ಹೊರುತ್ತಿದ್ದರು. ಕಟ್ಟಡ ಮೇಲೇರಿದ ಹಾಗೆ ಅವರ ಸಂಸಾರವೂ ಮೇಲೇರುತ್ತಿತ್ತು. ಈ ತಿಂಗಳು ಮೂರನೇ ಮಹಡಿ, ಮುಂದಿನ ತಿಂಗಳು ಐದನೆಯದು. ಏಳನೇ ಮಹಡಿಗೆ ಬಂದ ದಿನ, ಇನ್ನೂ ಗೋಡೆ ಏಳದ ಪಶ್ಚಿಮದ ಅಂಚಿನಲ್ಲಿ ಎದ್ದು ಕುಳಿತ ಹುಡುಗಿಗೆ ದೂರದಲ್ಲಿ ಬೂದು ಬಣ್ಣದ, ಮಿಸುಕುವ ಬಯಲೊಂದು ಕಂಡಿತು.

"ಅವ್ವಾ, ಅದು ಯಾರ ಹೊಲ ಬೇ, ಅಂತ ಕೇಳಿದ್ದೆ. ಯಾರದೂ ಅಲ್ಲ, ಮಲಕೋ ಅಂದ್ಲು. ಯಾರದೂ ಅಲ್ಲದ ಅಷ್ಟು ದೊಡ್ಡ ಹೊಲ ಇರ್ತದಾ ಅಂತ ನನಗೆ ಎಷ್ಟೋ ದಿನ ನಿದ್ದೆಯೇ ಹತ್ತಲಿಲ್ಲ."

ಹತ್ತನೇ ತರಗತಿಯ ನಂತರ ಸಂತೆಕಟ್ಟೆಯ ಕ್ಲಾಯ್ಡ್ ಎಂಬವರ ಅಂಗಡಿಯಲ್ಲಿ ಧೂಳು ಒರೆಸಲು ಸೇರಿ, ಬೆಸುಗೆ ಹಾಕಲು ಕಲಿತರು. ಕ್ಲಾಯ್ಡ್ ಊರು ಬಿಟ್ಟಾಗ ಅಂಗಡಿ ಇವರಿಗೆ ಬಂತು, ಜೊತೆಗೆ ಗುಜರಿಗೂ ಬೇಡವಾದ ಮೊಬೈಲುಗಳಿದ್ದ ಒಂದು ಡ್ರಾಯರು. ಆರು ವರ್ಷಗಳ ಹಿಂದೆ ಮಣಿಪಾಲದಲ್ಲಿ ವೆಬ್ ಪುಟ ಮಾಡುವ ಲಕ್ಷಿತ್ ಎಂಬ ತರುಣ ಗಾಜು ಬದಲಿಸಲು ಬಂದು, ಕಾಯುತ್ತಾ, ತಾವು ಮಾಡಿದ ಪುಟದ ಬಗ್ಗೆ ಕೊಚ್ಚಿಕೊಂಡರು. ಜಯಮಾಲಾ ಡ್ರಾಯರು ಎಳೆದು, ಒಂದೊಂದೇ ಮೊಬೈಲಿನಲ್ಲಿ ಆ ಪುಟ ತೆರೆದು ತೋರಿಸಿದರು. ಹದಿನಾಲ್ಕರಲ್ಲಿ ಮೂರರಲ್ಲಿ ಮಾತ್ರ ಬಂತು.

"ನಾನು ಇವರ ಮುಖ ನೋಡಿದೆ, ಇವರು ನನ್ನ ಮುಖ ನೋಡಿದರು. ಗಾಜು ಹಾಕಿಸಿಕೊಂಡು ಮರ್ಯಾದೆಯನ್ನು ಅಲ್ಲೇ ಬಿಟ್ಟು ಹೋದೆ" ಎಂದು ಲಕ್ಷಿತ್ ನಗುತ್ತಾರೆ. ಮಾರನೆಯ ದಿನವೇ ತಿರುಗಿ ಬಂದರು. ಅಲ್ಲಿಂದ ಈ ಕೆಲಸ ಶುರು.

ಈಗ ಡ್ರಾಯರಿನಲ್ಲಿ ಮೂವತ್ತೊಂದು ಮೊಬೈಲುಗಳಿವೆ. ದಿನಕ್ಕೆ ಎಂಟೋ ಹತ್ತೋ ಪುಟಗಳು, ವಾರಕ್ಕೆರಡು ಪ್ರಯಾಣ. ಕಾರ್ಕಳದ ಕಲ್ಲುಕೋರೆಗೆ ನಡು ಮಧ್ಯಾಹ್ನವೇ ಹೋಗುತ್ತಾರೆ. ಬಿಳಿ ಧೂಳು, ಬಿಳಿ ಬಿಸಿಲಿನ ನಡುವೆ ಮಣಿಪಾಲದವರು ಇಷ್ಟಪಟ್ಟು ಇಟ್ಟ ತಿಳಿಬೂದು ಅಕ್ಷರಗಳು ಕಾಣುವುದೇ ಇಲ್ಲ. ಅಲ್ಲಿಂದ ಬಂದ ವರದಿಯಲ್ಲಿ ಒಂದೇ ಸಾಲಿತ್ತು: ಕಪ್ಪು ಮಾಡಿ. ಬಸ್ಸಿನಲ್ಲಿ ಬರುವಾಗ ಎಲ್ಲಿ ಸಿಗ್ನಲ್ ಬೀಳುತ್ತದೆ, ಎಲ್ಲಿ ಮತ್ತೆ ಏಳುತ್ತದೆ ಎಂಬುದು ಅವರಿಗೆ ತಿರುವುಗಳ ಹಾಗೆ ಗೊತ್ತು. ಕಣ್ಣು ಮುಚ್ಚಿ ಕುಳಿತರೂ ಈಗ ಪುಟ ಬರುವುದಿಲ್ಲ, ಈಗ ಬರುತ್ತದೆ ಎಂದು ಹೇಳಬಲ್ಲರು. ಕೆಲವೊಮ್ಮೆ ನಿದ್ದೆಯಲ್ಲಿಯೂ ಬಿಳಿ ಚೌಕಗಳು ತೇಲುತ್ತವಂತೆ. ಅವುಗಳಲ್ಲಿ ಏನು ಬರಬೇಕಿತ್ತೆಂದು ಗೊತ್ತಾಗುವ ಮೊದಲೇ ಎಚ್ಚರವಾಗುತ್ತದೆ.

ದೋಣಿಯ ಹತ್ತಿರ ಜನ ಸೇರಿದ್ದಾರೆ. ಬೂಬ ಎಂಜಿನ್ ಸರಿಪಡಿಸುತ್ತಿದ್ದಾರೆ. ಅವರ ಹೆಂಡತಿ ರತ್ನಾವತಿ ಮಾರುಕಟ್ಟೆಗೆ ಹೊರಟವರು ಬುಟ್ಟಿ ಇಳಿಸಿ ನಿಂತಿದ್ದಾರೆ. ಸಂಘದ ಅಧ್ಯಕ್ಷ ದೂಮಪ್ಪ ಮೆಂಡನ್ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದಿದ್ದಾರೆ. ಅವರ ಒಲವು ಆ್ಯಪ್ ಕಡೆಗೆ.

"ಆಚೆ ಊರಿನ ಸಂಘಕ್ಕೆ ಆ್ಯಪ್ ಉಂಟು. ನಮಗೆ ಬರೀ ಪುಟವಾ? ಘಟ್ಟದ ಮೇಲಿನವಳು ನಮಗೆ ಕಡಲು ಕಲಿಸಲಿಕ್ಕೆ ಬಂದದ್ದು ನೋಡಿ."

"ಕಡಲು ನಿಮ್ಮದೇ ಅಣ್ಣ, ಮೊಬೈಲ್ ಮಾತ್ರ ನನ್ನದು" ಎನ್ನುತ್ತಾರೆ ಜಯಮಾಲಾ, ಮೊಬೈಲುಗಳನ್ನು ಪ್ಲಾಸ್ಟಿಕ್ ತೊಟ್ಟೆಗಳಿಗೆ ತುಂಬುತ್ತಾ.

ಲಕ್ಷಿತ್ ಮಾಡಿ ತಂದ ಆ್ಯಪಿನ ಪರೀಕ್ಷೆ ದಡದಲ್ಲೇ ಶುರುವಾಗಿದೆ. ಒಂಬತ್ತರಲ್ಲಿ ನಾಲ್ಕು ಮೊಬೈಲುಗಳು ಮಾತ್ರ ಅದನ್ನು ಒಳಗೆ ಬಿಟ್ಟುಕೊಂಡಿವೆ. ಬೂಬರ ಸ್ವಂತ ಮೊಬೈಲ್ ಜಾಗವಿಲ್ಲ ಎನ್ನುತ್ತಿದೆ. ಏನನ್ನಾದರೂ ಅಳಿಸಬೇಕು. ಲಕ್ಷಿತ್ ಹುಡುಕಿ ಒಂದು ವಿಡಿಯೊ ತೋರಿಸುತ್ತಾರೆ. ಮೊಮ್ಮಗಳು ಧೃತಿ ಮೊದಲ ಬಾರಿ ಗೋಡೆ ಬಿಟ್ಟು ನಡೆದದ್ದು.

"ಇದನ್ನು ತೆಗೆದು ನಿನ್ನದನ್ನು ಹಾಕುವುದಾ? ನಿನ್ನ ಆ್ಯಪ್ ನಡೆಯಲಿಕ್ಕೆ ಕಲಿತದ್ದು ಯಾವಾಗ ಮಾರಾಯ?" ಎಂದು ಬೂಬ ಮೊಬೈಲ್ ಕಿತ್ತುಕೊಳ್ಳುತ್ತಾರೆ.

ರತ್ನಾವತಿಯದು ಬೇರೆ ತಕರಾರು. "ಅದರಲ್ಲಿ ಅಲ್ಲಿ ಒತ್ತು, ಇಲ್ಲಿ ಒತ್ತು ಅಂತ ಉಂಟು. ಕೈಯಲ್ಲಿ ಮೀನು, ಮೊಬೈಲ್ ತೊಟ್ಟೆಯಲ್ಲಿ. ನಾನು ಮೂಗಿನಲ್ಲಿ ಒತ್ತುವುದು. ಮೂಗಿಗೆ ಎಷ್ಟು ಸಣ್ಣ ಗುಂಡಿ ಸಾಕು ಅಂತ ಇವನು ತಿಳಿದುಕೊಂಡಿದ್ದಾನೆ?"

ಎಲ್ಲರೂ ನಗುತ್ತಾರೆ, ದೂಮಪ್ಪ ಮೆಂಡನ್ ಕೂಡ. ಜಯಮಾಲಾ ನಗುವುದಿಲ್ಲ. ರತ್ನಾವತಿಯ ಮೊಬೈಲನ್ನು ತೊಟ್ಟೆಯ ಸಮೇತ ತೆಗೆದುಕೊಂಡು, ತಾವೂ ಮೂಗಿನಿಂದ ಒತ್ತಿ ನೋಡುತ್ತಾರೆ.

ದೋಣಿ ನೀರಿಗಿಳಿಯುತ್ತದೆ. ಅದರಲ್ಲಿ ಬೂಬ, ಜಯಮಾಲಾ, ಲಕ್ಷಿತ್, ದೂಮಪ್ಪ ಮೆಂಡನ್, ಸಂಘದ ಇನ್ನಿಬ್ಬರು. ಜಯಮಾಲಾಗೆ ಈಜು ಬಾರದು. ಲೈಫ್ ಜಾಕೆಟಿನ ಪಟ್ಟಿ ಹಿಡಿದು, ಒಂಬತ್ತು ಮೊಬೈಲುಗಳನ್ನು ಮಡಿಲಲ್ಲಿಟ್ಟು ಕೂತಿದ್ದಾರೆ. ದೀಪಸ್ತಂಭ ಬೆರಳಿನಷ್ಟಾಗುತ್ತದೆ, ಕಡ್ಡಿಯಷ್ಟಾಗುತ್ತದೆ. ಮಣಿಪಾಲದ ಗುಡ್ಡ ನೀರಿನ ಮೇಲೆ ಯಾರೋ ಮರೆತುಹೋದ ನೆರಳಿನ ಹಾಗೆ ನಿಂತಿದೆ. ಹನ್ನೆರಡು ಮಾರು ಆಳ ಎಂದು ಬೂಬ ಎಂಜಿನ್ ಆರಿಸುತ್ತಾರೆ. ಸಾಮಾನ್ಯವಾಗಿ ಅವರು ಬಲೆ ಬಿಡುವುದು ಇಲ್ಲೇ. ಸದ್ದು ನಿಂತ ಕೂಡಲೇ ದೋಣಿ ಕಡಲಿನದಾಗುತ್ತದೆ. ಮೊಬೈಲುಗಳಲ್ಲಿ ಸಿಗ್ನಲಿನ ಒಂದೇ ಕಡ್ಡಿ, ಅದೂ ಬಂದು ಹೋಗಿ ಮಾಡುತ್ತಿದೆ.

ಮೊದಲು ಆ್ಯಪ್. ನಾಲ್ಕೂ ಮೊಬೈಲುಗಳಲ್ಲಿ ಒಂದು ಚಕ್ರ ತಿರುಗುತ್ತದೆ. ಹೊಸ ಆವೃತ್ತಿ ಇಳಿಸಿಕೊಳ್ಳಿ ಎಂದು ಕೇಳುತ್ತದೆ, ಮತ್ತೆ ತಿರುಗುತ್ತದೆ. ಲಕ್ಷಿತ್ ಕಡಲು ನೋಡುತ್ತಾರೆ.

ಎರಡನೆಯದು ಸಂಘದ ಈಗಿನ ಪುಟ, ಕಳೆದ ವರ್ಷದ್ದೇ. ಈ ಕಡೆ ಯಾವ ನೋಟಿಸೂ ಬರಿ ಅಕ್ಷರಗಳಲ್ಲಿ ಬರುವುದಿಲ್ಲ. ಕಬಡ್ಡಿ ಪಂದ್ಯವಿರಲಿ, ರಕ್ತದಾನ ಶಿಬಿರವಿರಲಿ, ಮೇಲೆ ಅಧ್ಯಕ್ಷರ ಫೋಟೊ, ಪಕ್ಕದಲ್ಲಿ ಉಪಾಧ್ಯಕ್ಷರದ್ದು, ಸುತ್ತ ದಾನಿಗಳದ್ದು. ವಿಷಯ ಅದರ ಕೆಳಗೆ. ಗಾಳಿಯ ಸೂಚನೆಗೂ ಅದೇ ಕ್ರಮ. ರಬ್ಬರ್ ಬ್ಯಾಂಡಿನ ಮೊಬೈಲಿನಲ್ಲಿ ಚಿತ್ರ ಮೇಲಿನಿಂದ ಕೆಳಕ್ಕೆ, ಗೆರೆ ಗೆರೆಯಾಗಿ ಇಳಿಯತೊಡಗುತ್ತದೆ. ಸಂಘದ ಲಾಂಛನ. ಎಣ್ಣೆ ಹಾಕಿ ಬಾಚಿದ ಕೂದಲು. ಹಣೆ. ಎರಡು ಹುಬ್ಬು. ಬಹಳ ಹೊತ್ತು ಹುಬ್ಬು. ಮತ್ತೆ ಕಣ್ಣು, ಮೂಗು, ಮೀಸೆ. ಮೀಸೆಯಲ್ಲಿ ಸಿಗ್ನಲ್ ಹೋಗುತ್ತದೆ.

ಆರು ಜನ ಬಗ್ಗಿ ನೋಡುತ್ತಿದ್ದಾರೆ. ಕಳೆದ ಆಗಸ್ಟಿನಲ್ಲಿ ಬೂಬ ನೋಡಿದ್ದು ಇದನ್ನೇ.

"ದೂಮಪ್ಪಣ್ಣ, ನಿಮ್ಮ ಮೀಸೆ ತನಕ ಬಂತು. ಗಾಳಿ ಯಾವ ಕಡೆಯಿಂದ ಅಂತ ಮೀಸೆ ನೋಡಿ ಹೇಳಬೇಕಾ?" ಎಂದು ಬೂಬ ಕೇಳುತ್ತಾರೆ. ದನಿಯಲ್ಲಿ ಸಿಟ್ಟಿಲ್ಲ. ಆದರೆ ಈ ಸಲ ಯಾರೂ ನಗುವುದಿಲ್ಲ. ದೂಮಪ್ಪ ಮೆಂಡನ್ ತಮ್ಮದೇ ಅರ್ಧ ಮುಖವನ್ನು ನೋಡುತ್ತಾ ಕೂತಿದ್ದಾರೆ. ದೋಣಿ ಸುಮ್ಮನೆ ತೂಗುತ್ತದೆ.

ಮೂರನೆಯದು ಲಕ್ಷಿತ್ ಅರ್ಧ ಗಂಟೆಯಲ್ಲಿ, ಗೊಣಗುತ್ತಾ ಬರೆದುಕೊಟ್ಟ ಪುಟ. ಇಷ್ಟು ಸಣ್ಣ ಕೆಲಸಕ್ಕೆ ನನ್ನ ಹೆಸರು ಹೇಳಬೇಡಿ ಎಂದಿದ್ದರಂತೆ. ಆರು ಕೆ.ಬಿ. ತೂಕ. ಚಿತ್ರವಿಲ್ಲ, ಒತ್ತುವ ಗುಂಡಿಯಿಲ್ಲ. ನಾಲ್ಕೇ ಸಾಲು, ಕಪ್ಪು ದಪ್ಪ ಅಕ್ಷರ. ಮೊದಲ ಸಾಲಿನಲ್ಲಿ ಸೂಚನೆ ಹೊರಟ ದಿನ, ಗಂಟೆ. ಹೊಸದು ಬಾರದೆ ಹಿಂದಿನ ದಿನದ್ದೇ ಪರದೆಯಲ್ಲಿ ಉಳಿದಿದ್ದರೆ ಅದು ಹಳೆಯದೆಂದು ತಿಳಿಯಲಿ ಎಂದು ಜಯಮಾಲಾ ಹಾಕಿಸಿದ ಸಾಲು ಅದು. ಒಂಬತ್ತು ಮೊಬೈಲುಗಳಲ್ಲಿ ಎಂಟರಲ್ಲಿ ಪುಟ ಬರುತ್ತದೆ. ಕೆಲವು ಎರಡು ಸೆಕೆಂಡಿಗೆ, ಕೆಲವು ಏಳಕ್ಕೆ. ಒಂಬತ್ತನೆಯದಕ್ಕೆ ಉಪ್ಪುನೀರು ಹೋಗಿ ಅದು ದಾರಿಯಲ್ಲೇ ಸತ್ತಿದೆ.

"ಅದು ಹೇಗೂ ಸಾಯುವುದೇ ಇತ್ತು. ಪಾಪ, ಕಡಲು ನೋಡಿ ಸತ್ತಿತು" ಎನ್ನುತ್ತಾರೆ ಜಯಮಾಲಾ.

ದಡ ಹತ್ತಿರವಾದಾಗ ಅಧ್ಯಕ್ಷರು ಬಾಯಿ ಬಿಡುತ್ತಾರೆ. "ಏ ಲಕ್ಷಿತ್. ಫೋಟೊ ತೆಗಿ. ಆದರೆ ನನ್ನದು ತೆಗೆದ ಮೇಲೆ ಉಪಾಧ್ಯಕ್ಷರದ್ದೂ ಇರಬಾರದು. ಹೇಳಿದ್ದೇನೆ."

ಸಂಜೆಯ ಸಭೆ ಎರಡು ಗಂಟೆ ನಡೆಯುತ್ತದೆ. ಒಂದೂವರೆ ಗಂಟೆ ಫೋಟೊದ ಮೇಲೆಯೇ. ತಮ್ಮ ಫೋಟೊ ಸಣ್ಣದು, ಎಷ್ಟು ತೂಗೀತು ಎಂದು ಉಪಾಧ್ಯಕ್ಷರು ವಾದಿಸುತ್ತಾರೆ. ಬೂಬ ಎಡಗೈ ಎತ್ತಲು ನೋಡುತ್ತಾರೆ. ಕೈ ಹೆಗಲಿನವರೆಗೆ ಬಂದು ನಿಲ್ಲುತ್ತದೆ. ನಾಲ್ಕು ಸಾಲಿನ ಪುಟಕ್ಕೆ ಒಪ್ಪಿಗೆ ಸಿಗುತ್ತದೆ. ಬೇಕಾದವರಿಗೆ ಆ್ಯಪ್ ಇರಲಿ, ಫೋಟೊಗಳೆಲ್ಲ ಅಲ್ಲಿರಲಿ ಎಂದು ಠರಾವು. ಮುಂದಿನ ಮೂರು ದಿನ ಜಯಮಾಲಾ ಮನೆ ಮನೆಗೆ ಹೋಗಿ, ನೂರ ಹದಿನೇಳು ಮೊಬೈಲುಗಳ ಮುಖದ ಮೇಲೆ ಪುಟದ ಗುರುತನ್ನು ತಂದು ನಿಲ್ಲಿಸುತ್ತಾರೆ. ಒಂದು ಸಲ ಒತ್ತಿದರೆ ಸಾಕು, ಮೂಗಿನಿಂದಲಾದರೂ ಸರಿ.

ಹನ್ನೊಂದು ದಿನಗಳ ಮೇಲೆ, ಸೆಪ್ಟೆಂಬರಿನ ಒಂದು ಗುರುವಾರ, ಆಕಾಶ ತೊಳೆದಿಟ್ಟ ಹಾಗಿದೆ. ಬೆಳಿಗ್ಗೆ ಆರೂಕಾಲಿಗೆ ಸಂಘದ ಪುಟ ಬದಲಾಗುತ್ತದೆ. ಆಗಲೇ ಬೂಬ ಹನ್ನೆರಡು ಮಾರು ನೀರಿನಲ್ಲಿದ್ದಾರೆ, ಬಲೆ ಇನ್ನೂ ದೋಣಿಯಲ್ಲಿದೆ. ಏಳೂವರೆಗೆ ಅವರು ದಡದಲ್ಲಿರುತ್ತಾರೆ. ಅವರ ಹಿಂದೆ ಇನ್ನೂ ಹದಿನಾಲ್ಕು ದೋಣಿಗಳು. ಒಂಬತ್ತಕ್ಕೆ ಗಾಳಿ ಏಳುತ್ತದೆ, ತೆಂಗಿನ ಗರಿಗಳೆಲ್ಲ ಒಂದೇ ಕಡೆಗೆ ತಿರುಗುತ್ತವೆ, ದೀಪಸ್ತಂಭದ ಬಂಡೆ ನೊರೆಯಲ್ಲಿ ಮುಳುಗಿ ಏಳುತ್ತದೆ.

ಜಯಮಾಲಾ ಅಂಗಡಿಗೆ ಬಾಗಿಲು ಹಾಕಿ ಬಸ್ಸು ಹತ್ತಿ ಬಂದಾಗ ಬೂಬ ಮನೆಯ ಜಗಲಿಯಲ್ಲಿ ಚಹಾ ಕುಡಿಯುತ್ತಾ ರೇಗುತ್ತಿದ್ದಾರೆ. ನಿನ್ನೆ ಅಲ್ಲಿ ಬಂಗುಡೆ ಮೀನು ಇತ್ತಂತೆ. ಇವತ್ತೂ ಇದ್ದೇ ಇತ್ತಂತೆ.

"ಹೇಳಿ ಬೂಬಣ್ಣ, ಪುಟ ಬರಲಿಕ್ಕೆ ಎಷ್ಟು ಹೊತ್ತು ಆಯಿತು?"

"ಎಷ್ಟು ಹೊತ್ತು ಅಂದ್ರೆ ಎಂತ?"

"ಒತ್ತಿದ ಮೇಲೆ ಎಷ್ಟು ಕಾದಿರಿ? ಎರಡು ಸೆಕೆಂಡ್? ಐದು?"

"ಎಂತ ಕಾಯುವುದು ಮಾರಾಯ್ತಿ? ಒತ್ತಿದೆ, ಇತ್ತು. ಓದಿದೆ, ತಿರುಗಿದೆ."

ಜಯಮಾಲಾ ಮತ್ತೆ ಕೇಳುತ್ತಾರೆ. ಬೂಬ ಮತ್ತೆ ಅದನ್ನೇ ಹೇಳಿ, ಇವಳಿಗೆ ಕಿವಿ ಕೇಳುವುದಿಲ್ಲವಾ ಎಂದು ಹೆಂಡತಿಯ ಕಡೆ ನೋಡುತ್ತಾರೆ. ಕಿವಿ ಸರಿಯಾಗಿಯೇ ಕೇಳುತ್ತದೆ. ಆದರೂ ಜಯಮಾಲಾ ಗಾಳಿಗೆ ಹಾರುವ ಸೆರಗನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು, ಮೂರನೆಯ ಸಲ ಕೇಳುತ್ತಾರೆ.

"ಒತ್ತಿದೆ, ಇತ್ತು" ಎನ್ನುತ್ತಾರೆ ಬೂಬ.