ಕೆಂಪು ಬಂಡೆಗಳ ನಡುವೆ ಅಪ್ಪನ ಕೆರೆ

ಆ ಬಂಡೆಗಳು ನಿಜವಾಗಿಯೂ ಅಷ್ಟು ಕೆಂಪಗಿದ್ದವೇ ಎಂದು ಹೆಂಡತಿಯನ್ನು ಕೇಳಿದರೆ, "ಕಂದು ಬಣ್ಣ ಕಣ್ರೀ, ಇಟ್ಟಿಗೆ ಗೂಡಿನ ಹಾಗೆ" ಎನ್ನುತ್ತಾಳೆ. ನಾವು ತೆಗೆಸಿಕೊಂಡ ಒಂದೇ ಫೋಟೋ ಕಪ್ಪು ಬಿಳುಪು. ಹೀಗಾಗಿ ನನ್ನ ಕೆಂಪಿಗೆ ಸಾಕ್ಷಿ ನಾನೊಬ್ಬನೇ. ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುತ್ತಿದ್ದವನು ಅಂಥ ಸಾಕ್ಷಿಯನ್ನು ನಂಬಬಾರದು.

ಎಂಬತ್ತರ ದಶಕದ ಆರಂಭ. ಅಮ್ಮ ತೀರಿಹೋಗಿ ವರ್ಷವಾಗಿತ್ತು. ಅಪ್ಪ ದೇವರಾಯಸಮುದ್ರದ ಹತ್ತಿರದ ನಮ್ಮ ಹಳ್ಳಿಯಲ್ಲಿ ರಾಗಿ, ಹಿಪ್ಪುನೇರಳೆ ನೋಡಿಕೊಂಡಿದ್ದ. ಉಣ್ಣುತ್ತಿದ್ದ, ನಗುತ್ತಿದ್ದ, ಸಂತೆಗೆ ಹೋಗುತ್ತಿದ್ದ. ಅಮ್ಮನ ಬಗ್ಗೆ ಮಾತ್ರ ಒಂದು ಮಾತೂ ಆಡಿರಲಿಲ್ಲ. ನಾವು ಅವಳ ಸುದ್ದಿ ತೆಗೆದರೆ ಎದ್ದು ಹಸುವಿಗೆ ಹುಲ್ಲು ಹಾಕಲು ಹೋಗುತ್ತಿದ್ದ. ನನಗೆ ಅವನ ಬಾಯಿಂದ ಅಮ್ಮನ ಮಾತು ಕೇಳಬೇಕಿತ್ತು. ಕೋಲಾರದಿಂದ ಉತ್ತರದ ಕಡೆ ಪ್ರವಾಸದ ಬಸ್ಸಿನಲ್ಲಿ ನಾನೂ ಹೆಂಡತಿಯೂ ಹೊರಟಾಗ ಅವನನ್ನೂ ಹತ್ತಿಸಿಕೊಂಡದ್ದು ಅದಕ್ಕೇ. ಹಸುವಿಲ್ಲದ ಜಾಗದಲ್ಲಿ ಎದ್ದು ಹೋಗುವುದಾದರೂ ಎಲ್ಲಿಗೆ?

ಜೋಧಪುರದಲ್ಲಿ ಒಬ್ಬ ಗೈಡು ಹತ್ತಿಕೊಂಡ. ಒಂದು ದಿನದ ಸುತ್ತಾಟ: ಮರುಭೂಮಿ, ಕೆಂಪು ಬಂಡೆಗಳು, ಸಂಜೆಗೆ ವಾಪಸ್ಸು. ಅವನಿಗೆ ಬರುತ್ತಿದ್ದುದು ಹಿಂದಿ ಮಾತ್ರ. ನಮ್ಮ ಮುಳಬಾಗಿಲಿನ ಕಡೆ ಕನ್ನಡ ಬಾರದವನಿಗೆ ತೆಲುಗು ಬಂದೇ ಬರುತ್ತದೆ. ಲೋಕವೆಲ್ಲ ಹಾಗೆಯೇ ಎಂದು ಅಪ್ಪ ತಿಳಿದಿದ್ದ.

ಅಲ್ಲಿನ ಬಂಡೆಗಳು ನಮ್ಮ ಕಡೆಯವುಗಳಂತೆ ಒಂದರ ಮೇಲೊಂದು ಉರುಳಿ ಕೂತವಲ್ಲ. ಪದರ ಪದರವಾಗಿದ್ದವು, ಗಾಳಿ ಅವನ್ನು ಕೊರೆದು ನಯ ಮಾಡಿತ್ತು. ಗೈಡು ಒಂದನ್ನು ಒಂಟೆ ಎಂದ, ಇನ್ನೊಂದನ್ನು ರಾಣಿ ಎಂದ. ಎಲ್ಲರೂ ಒಂಟೆಯನ್ನು ನೋಡುತ್ತಿದ್ದರೆ ಅಪ್ಪ ಎರಡು ಬಂಡೆಗಳ ನಡುವಿನ ತಗ್ಗನ್ನು ನೋಡುತ್ತಿದ್ದ.

"ನೀಳ್ಳು ಎಟು ಪೋತಾಯಪ್ಪಾ?" ನೀರು ಯಾವ ಕಡೆ ಹೋಗುತ್ತದೆ ಎಂದು ಗೈಡನ್ನು ಕೇಳಿದ. ಗೈಡು ಹಿಂದಿಯಲ್ಲಿ ಏನೋ ಹೇಳಿ ರಾಣಿಯ ಕಡೆ ಕೈ ತೋರಿಸಿದ. ಅಪ್ಪನಿಗೆ ಸಮಾಧಾನವಾಯಿತು.

"ಏನ್ಲಾ, ಈ ಸಂದಿಗೊಂದು ಏರಿ ಹಾಕಿದ್ರೆ ಕೆರೆ ಆಗಲ್ವಾ? ಎರಡು ಕಡೆ ಬಂಡೆ ಐತೆ. ತೂಬು ಇಲ್ಲಿ. ಕೋಡಿ ಅಲ್ಲಿ."

"ಮಳೇನೇ ಬರಲ್ಲಪ್ಪಾ ಇಲ್ಲಿ."

"ನಮ್ಮೂರಲ್ಲಿ ಬಂದು ಸುರೀತದಾ?"

ಜೊತೆಗಿದ್ದ ಮಾಲೂರಿನ ತರಕಾರಿ ವ್ಯಾಪಾರಿಯೊಬ್ಬ, "ಕಟ್ಟಿ ಯಜಮಾನ್ರೇ, ಕೆಳಗಡೆ ನಾನು ಟೊಮ್ಯಾಟೊ ಹಾಕ್ತೀನಿ. ಒಂಟೆ ಮೇಲೆ ಹೇರ್ಕೊಂಡು ಸೀದಾ ಕೋಲಾರದ ಮಂಡಿಗೆ!" ಎಂದ. ಎಲ್ಲರೂ ನಕ್ಕರು.

"ನಗು, ನಗು. ನಿನ್ ಟೊಮ್ಯಾಟೊಗೆ ನೀರು ಬಿಡೋನು ನಾನೇ" ಎಂದ ಅಪ್ಪ, ಬಗ್ಗಿ ಕಲ್ಲೊಂದನ್ನು ಎತ್ತಿ ಸಂದಿಗೆ ಅಡ್ಡ ಇಟ್ಟ. ಅದರ ಪಕ್ಕ ಇನ್ನೊಂದು. ನಾನೂ ಒಂದು ತಂದುಕೊಟ್ಟೆ. "ಅಗಲ ಕೆಳಗೆ ಬರ್ಲಿ ಕಣೋ" ಎಂದು ತಿರುಗಿಸಿಟ್ಟ. ಆಮೇಲೆ, ಕಲ್ಲು ಕೂರಿಸುತ್ತಲೇ, ನನ್ನ ಮುಖ ನೋಡದೆ ಹೇಳಿದ:

"ನಮ್ಮ ಕೆರೆ ತುಂಬಿ ಕೋಡಿ ಹರಿದ ವರ್ಷ ನಿಮ್ಮಮ್ಮ ದಿನಾ ಹೋಗಿ ಸೀರೆ ನೆನೆಸ್ಕೊಂಡು ಬರ್ತಿದ್ಲು. ಬೈದ್ರೆ, ಮತ್ತೆ ಯಾವಾಗ ತುಂಬ್ತದೋ ಅನ್ನೋಳು."

ಮುಂದೆ ಇನ್ನೂ ಏನೋ ಇತ್ತು. ಅಷ್ಟರಲ್ಲಿ ಗೈಡು ಸೀಟಿ ಊದಿದ. ಅಪ್ಪ ಕೈಯ ಮಣ್ಣು ಕೊಡವಿಕೊಂಡು ಬಸ್ಸಿನ ಕಡೆ ನಡೆದ.

ಆ ಮಾತನ್ನು ಅವನು ಕನ್ನಡದಲ್ಲಿ ಹೇಳಿದನೋ ತೆಲುಗಿನಲ್ಲೋ, ಈಗ ಖಚಿತವಿಲ್ಲ. ಹತ್ತಿರದಲ್ಲೇ ಇದ್ದ ಹೆಂಡತಿ, "ಮಾವ ಏನೂ ಹೇಳ್ಲಿಲ್ಲ, ನೀರಿನ ಕೂಜಾ ಕೇಳಿದ್ರು ಅಷ್ಟೆ" ಎನ್ನುತ್ತಾಳೆ. ಅಮ್ಮನ ಒದ್ದೆ ಸೀರೆಯನ್ನು ಚಿಕ್ಕಂದಿನಲ್ಲಿ ನಾನೇ ಕಂಡು, ಮಾತನ್ನು ಅಪ್ಪನ ಬಾಯಿಗೆ ತುಂಬಿರಲೂಬಹುದು. ಕೊನೆಗೆ ಅವನ ದನಿ ತಗ್ಗಿದ್ದು ಮಾತ್ರ ಕಿವಿಯಲ್ಲಿದೆ. ದನಿಯನ್ನೂ ಮನಸ್ಸು ಕಟ್ಟಿಕೊಳ್ಳುತ್ತದೆ, ಗೊತ್ತು. ಆದರೂ ಅದು ನನಗೆ ಬೇಕು. ಅಪ್ಪ ಆಮೇಲೆ ಎಷ್ಟೋ ವರ್ಷ ಬದುಕಿದ್ದ. ಅವಳ ಮಾತು ಮತ್ತೆ ಎತ್ತಲಿಲ್ಲ.

ಅಂದು ಹಿಂದಿರುಗುವಾಗ ಹೆಂಡತಿಯನ್ನು ಮುಂದಿನ ಸೀಟಿಗೆ ಕಳಿಸಿ ಅವನ ಪಕ್ಕ ಕುಳಿತೆ.

"ಆಮೇಲೆ ಏನಾಯ್ತಪ್ಪಾ?"

"ಕಿಟಕಿ ಹಾಕೋ, ಮರಳು ಬರ್ತದೆ."

ಹಾಕಿದೆ. ಗಾಳಿಯ ಸದ್ದು ಅಡಗಿತು. ಅವನು ಬಾಯಿ ತೆರೆದರೆ ಒಂದಕ್ಷರವೂ ತಪ್ಪಿಹೋಗದಿರಲೆಂದು ಅವನ ಕಡೆ ವಾಲಿಕೊಂಡು, ಜೋಧಪುರ ಬರುವವರೆಗೂ ಕಾದೆ.