ತುಂಬಿದ ಹಂಡೆ

ನಾನು ಚಿಕ್ಕವನಿದ್ದಾಗ ಕೋಡಿಂಬಾಳದ ಗುಡ್ಡೆಯ ಮೇಲಿದ್ದ ನಮ್ಮ ಮನೆಗೆ ನೀರು ಬರುತ್ತಿದ್ದದ್ದು ಅಕ್ಕನ ಸೊಂಟದ ಮೇಲೆ. ಬೇಸಿಗೆಯಲ್ಲಿ ಅವಳು ದಿನವಿಡೀ ಗುಡ್ಡೆಯ ಬುಡದಲ್ಲಿ ಹರಿಯುವ ತೋಡಿಗೆ ಇಳಿದು ಹತ್ತುತ್ತಿದ್ದಳು. ಅದಕ್ಕಾಗಿ ಐದನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದಳು. ನಲ್ಲಿ ತೆರೆದಿಟ್ಟು ಹಲ್ಲುಜ್ಜಿದರೆ ಅಜ್ಜ ಯಾಕೆ ಬೈಯುತ್ತಾನೆ ಎನ್ನುತ್ತೀರಲ್ಲ ಮಕ್ಕಳೇ, ಕೇಳಿ.

ಬಾವಿ ತೋಡಲು ಸರಕಾರ ಸಹಾಯ ಕೊಡುತ್ತದೆಂದು ಕಡಬದ ಸಂತೆಯಲ್ಲಿ ಯಾರೋ ಅಪ್ಪನಿಗೆ ಹೇಳಿದರು. ಯಾರನ್ನು ಕೇಳಬೇಕು, ಯಾವ ಕಾಗದ ಬೇಕು, ಒಂದೂ ಗೊತ್ತಿರಲಿಲ್ಲ. ಅಪ್ಪ ನಾಲ್ಕು ಸಲ ಪುತ್ತೂರಿಗೆ ಹೋಗಿ, ಒಂದು ಮೇಜಿನಿಂದ ಇನ್ನೊಂದಕ್ಕೆ ಅಲೆದು, ಕೊನೆಗೂ ಅರ್ಜಿ ಕೊಟ್ಟು ಬಂದರು. ಜಾಗ ನೋಡಲು ಗ್ರಾಮಸೇವಕರು ಬರುತ್ತಾರೆಂದು ತಿಳಿದಾಗ ಅಕ್ಕ ನನ್ನ ಪಾಟಿಚೀಲವನ್ನು ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ನಡೆದು ನೋಡಿದಳು.

“ಬಾವಿ ಆದ್ರೆ ನಾನೂ ಶಾಲೆಗೆ ಬರುದು, ಆಯ್ತಾ?”

ಅವರು ಬರುವ ದಿನ ಅಪ್ಪ, “ಸರ್ಕಾರದ ಜನ ಬರುದು. ಕಾಲಿಗೆ ನೀರು ಕಡಿಮೆ ಆಗ್ಬಾರ್ದು” ಎಂದರು. ನಮ್ಮಲ್ಲಿ ಮನೆಗೆ ಬಂದವರಿಗೆ ಮೊದಲು ಕಾಲು ತೊಳೆಯಲು ನೀರು, ಆಮೇಲೆ ಕುಡಿಯಲು ಬೆಲ್ಲ, ನೀರು. ಅಕ್ಕ ಬೆಳಕು ಹರಿಯುವಾಗಲೇ ಹೊರಟು, ಕೊಡಪಾನ ಹೊತ್ತು ಹೊತ್ತು ಹಂಡೆ ತುಂಬಿಸಿದಳು. ಅಂಗಳಕ್ಕೆ ಸೆಗಣಿ ಸಾರಿಸಿದಳು. ಬಾಡಿದ್ದ ಬಸಳೆಯ ಬುಡಕ್ಕೂ ಎರೆದಳು. ಹಸಿ ಮಣ್ಣಿನ ವಾಸನೆಗೆ ಅದು ನಮ್ಮ ಮನೆಯೇ ಅಲ್ಲವೆನಿಸಿತ್ತು.

ಗ್ರಾಮಸೇವಕರು ಬೆವರು ಒರೆಸುತ್ತಾ ಬಂದು, ಎರಡು ಚೆಂಬು ನೀರು ಕಾಲಿಗೆ ಸುರಿದುಕೊಂಡು, ಬೆಲ್ಲ ಕಡಿದು ನೀರು ಕುಡಿದರು. ತುಳುಕುವ ಹಂಡೆಯನ್ನೂ ತಲೆಯೆತ್ತಿ ನಿಂತ ಬಸಳೆಯನ್ನೂ ನೋಡಿದರು.

“ಈ ಗುಡ್ಡೆಯಲ್ಲಿ ಇಷ್ಟು ನೀರು ಉಂಟಾ ಮಾರಾಯ್ರೆ?”

ಬಂದವರ ಎದುರು ಇಲ್ಲವೆನ್ನಲು ಅಪ್ಪನ ನಾಲಿಗೆ ಹೊರಳಲಿಲ್ಲ. “ಉಂಟು ಉಂಟು, ಬೇಕಾದಷ್ಟು ಉಂಟು. ನೀವು ಕುಡೀರಿ.”

ಬಾಗಿಲ ಹಿಂದೆ ನಿಂತಿದ್ದ ಅಕ್ಕ ನನ್ನನ್ನೇ ನೋಡಿದಳು. ನಾನು ನಿಜ ಹೇಳಬಹುದಿತ್ತು. ಅವರಿಗೆಂದು ಒಡೆದ ಬೆಲ್ಲದ ಚೂರೊಂದು ನನ್ನ ಬಾಯಲ್ಲಿತ್ತು. ಅದು ಕರಗಲಿ ಎಂದು ಸುಮ್ಮನಿದ್ದೆ. ಅವರು ಪುಸ್ತಕದಲ್ಲಿ ಬರೆದುಕೊಂಡು ಹೋದರು. ನೀರಿನ ಸೌಕರ್ಯ ಇರುವವರಿಗೆ ಬಾವಿಗೆ ಸಹಾಯ ಸಿಗದೆಂದು ತಿಂಗಳ ಮೇಲೆ ಕಾಗದ ಬಂತು. ಅಪ್ಪನಿಗೆ ಓದು ಬಾರದು, ಓದಿ ಹೇಳಿದವನು ನಾನೇ. ಅಕ್ಕ ಕೊಡಪಾನ ಎತ್ತಿಕೊಂಡು ತೋಡಿಗೆ ಇಳಿದಳು. ಮದುವೆಯಾಗಿ ಹೋಗುವವರೆಗೂ ಇಳಿಯುತ್ತಲೇ ಇದ್ದಳು.

ಅವಳು ತೀರಿಹೋಗಿ ಬಹಳ ವರ್ಷವಾಯಿತು. ಆದರೂ ಮಟಮಟ ಮಧ್ಯಾಹ್ನ ಮನೆ ನಿಶ್ಶಬ್ದವಾದಾಗ, ಮೆಟ್ಟಿಲ ಕಡೆಯಿಂದ ಕೊಡಪಾನದ ನೀರು ತುಳುಕುವುದು ನನಗೆ ಕೇಳುತ್ತದೆ. ಎದ್ದು ಹೋಗಿ ನೋಡುತ್ತೇನೆ. ಯಾರೂ ಇರುವುದಿಲ್ಲ. ನನಗೆ ಹೆದರಿಕೆ ಆ ಸದ್ದಿನದಲ್ಲ. ಯಾಕೆ ಸುಮ್ಮನಿದ್ದೆ ಎಂದು ಅವಳು ಈಗಲಾದರೂ ಕೇಳಿಬಿಟ್ಟರೆ ಏನು ಹೇಳಲಿ ಎನ್ನುವುದು.

ನಿಮ್ಮ ಕಾಲ ಬೇರೆ. ಮೊನ್ನೆ ನೀವು ಜಗಲಿಯಲ್ಲಿ ಕುಳಿತೇ ಮೊಬೈಲಿನಲ್ಲಿ ಹನಿ ನೀರಾವರಿಯ ಸಹಾಯಧನ ಹುಡುಕಿದಿರಿ. ಅರ್ಜಿ ತುಂಬುತ್ತಾ ನಿಮ್ಮಲ್ಲೊಬ್ಬಳು, “ಅಜ್ಜ, ನೀರಿನ ಮೂಲ ಎಂತ ಬರೆಯುದು?” ಎಂದು ಕೇಳಿದಳು. ಕೊಳವೆಬಾವಿ ಎಂದೆ. ಆದರೆ ಅಂದು ಗ್ರಾಮಸೇವಕರ ಪುಸ್ತಕದಲ್ಲಿ ಬರೆಸಬೇಕಾಗಿದ್ದ ಉತ್ತರ ನಾಲಿಗೆಯ ತುದಿಗೆ ಬಂದಿತ್ತು: ಅಕ್ಕ.