ಎಡಗೈಗೆ ಸಲ್ಲಬೇಕಾದ ಕೊಡಲಿ

ಏಳನೆಯ ದುಪ್ಪಟಿಯನ್ನು ಹಿಂಡಿ ಹೆಗಲಿಗೆ ಹಾಕಿಕೊಳ್ಳುತ್ತಾರೆ ಮಣ್ಣಕ್ಕ. ಬಕೆಟ್ಟಿನಲ್ಲಿ ಇನ್ನೂ ಐದು ನೆನೆಯುತ್ತಿವೆ. ಹೊರಗೆ ಈಗಷ್ಟೇ ಬೆಳಕು ಹರಿಯುತ್ತಿದೆ. ಬೀದಿಯಲ್ಲಿ ಹೋಗುವವರು ಇದನ್ನು ಬಟ್ಟೆ ಒಗೆಯುವವರ ಮನೆ ಅಂದುಕೊಂಡರೆ ತಪ್ಪಲ್ಲ. ಆದರೆ ಈ ಬಟ್ಟೆ ಹಗ್ಗದ ಮೇಲೆ ಹೋಗುವುದಿಲ್ಲ, ಏಣಿ ಹತ್ತುತ್ತದೆ. ಶೆಡ್ಡಿನ ನಡುವೆ ಹನ್ನೆರಡು ಅಡಿ ಎತ್ತರದ ಮಣ್ಣಿನ ಹೆಂಗಸು ನಿಂತಿದ್ದಾಳೆ. ಅವಳನ್ನು ತಲೆಯಿಂದ ಪಾದದವರೆಗೆ ಒದ್ದೆ ಬಟ್ಟೆಯಲ್ಲಿ ಸುತ್ತಬೇಕು. ದಿನಕ್ಕೆ ಮೂರು ಸಲ. ಒಂದು ಹೊತ್ತು ತಪ್ಪಿದರೂ ಮೂಗು ಬಿರಿಯುತ್ತದೆ.

“ಕೂಸು ಸಾಕಿದ ಹಾಗೇ ಇದು,” ಎನ್ನುತ್ತಾರೆ ಏಣಿಯ ಮೇಲಿಂದ. “ಅಳಲ್ಲ ಅನ್ನೋದೊಂದೇ ಪುಣ್ಯ.”

ಅವರಿಗೀಗ ಅರವತ್ತೊಂದು. ಹದಿನೈದರಲ್ಲಿ ಮಣ್ಣು ತುಳಿಯಲೆಂದು ಒಬ್ಬ ಶಿಲ್ಪಿಯ ಬಳಿ ಸೇರಿದವರು. ಏಳು ವರ್ಷ ಗುರುಗಳು ಅವರ ಕೈಯಲ್ಲಿ ಮಾಡಿಸಿದ್ದು ಬರೀ ಕಿವಿ. “ಕೆಳಗೆ ನಿಂತೋರು ಕಿವಿ ನೋಡಲ್ಲ, ಕೆಟ್ಟರೂ ಚಿಂತೆಯಿಲ್ಲ ಅಂತಿದ್ರು. ನನಗೆ ಹಟ ಬಂತು. ಸಿಕ್ಕಸಿಕ್ಕೋರ ಕಿವಿ ದಿಟ್ಟಿಸ್ತಿದ್ದೆ. ಎಷ್ಟೋ ಜನ ಮುಚ್ಕೊಂಡು ಓಡಿದಾರೆ!” ಗುರುಗಳು ತೀರಿಕೊಂಡ ಮೇಲೆ ಹೆಂಗಸಿನ ಕೈಗೆ ಕೆಲಸ ಕೊಡಲು ಯಾರೂ ಮುಂದೆ ಬರಲಿಲ್ಲ. ಗುತ್ತಿಗೆದಾರರ ಕೆಳಗೆ ದುಡಿದರು. ಅವರ ಹತ್ತೊಂಬತ್ತು ಪ್ರತಿಮೆಗಳು ವೃತ್ತ, ಉದ್ಯಾನಗಳಲ್ಲಿ ನಿಂತಿವೆ. ಫಲಕಗಳಲ್ಲಿ ಉದ್ಘಾಟಿಸಿದವರ ಹೆಸರಿದೆ, ಗುತ್ತಿಗೆದಾರರ ಹೆಸರಿದೆ. ಇಪ್ಪತ್ತನೆಯದಾದ ಈ ಸೂಲಗಿತ್ತಿಯ ಪ್ರತಿಮೆ ನಗರಸಭೆ ನೇರವಾಗಿ ಅವರಿಗೇ ಒಪ್ಪಿಸಿರುವ ಮೊದಲ ಕೆಲಸ. ಗುರುವಾರ ಸಮಿತಿಯವರು ನೋಡಲು ಬರುತ್ತಾರೆ. ಒಪ್ಪಿದರೆ ಲೋಹದ ಎರಕ, ಇಲ್ಲವಾದರೆ ಮಣ್ಣು ಮತ್ತೆ ಗುಂಡಿಗೆ.

ಮಣ್ಣಕ್ಕನ ಮನಸ್ಸನ್ನು ಕೊರೆಯುತ್ತಿರುವುದು ಮಾತ್ರ ಹದಿನೆಂಟನೆಯದು. ಗಿರಣಿಗೆ ಬೆಂಕಿ ಬಿದ್ದಾಗ ಹನ್ನೊಂದು ಜನರನ್ನು ಹೊರಗೆಳೆದು, ತಾನು ಒಳಗೇ ಉಳಿದ ಅಗ್ನಿಶಾಮಕ ದಳದವನ ಪ್ರತಿಮೆ ಅದು. ಆರು ವರ್ಷದಿಂದ ಮುಖ್ಯ ವೃತ್ತದಲ್ಲಿ ಬಲಗೈಯಲ್ಲಿ ಕೊಡಲಿ ಹಿಡಿದು ನಿಂತಿದ್ದಾನೆ. ಉದ್ಘಾಟನೆಯ ದಿನ ಅವನ ಹೆಂಡತಿ ಮೆಲ್ಲಗೆ, “ನಮ್ಮೆಜಮಾನ್ರು ಎಡಚರಾಗಿದ್ರು ಅಮ್ಮಾ,” ಎಂದಿದ್ದರು.

“ಪ್ರತಿಮೆಗೆ ಹೀಗೇ ಲಕ್ಷಣ,” ಎಂದುಬಿಟ್ಟರು ಮಣ್ಣಕ್ಕ.

ಮನೆಗೆ ಬಂದು, ಮಾದರಿಗೆಂದು ಕೊಟ್ಟಿದ್ದ, ಅವನು ಕೊಡಲಿ ಹಿಡಿದು ನಿಂತ ಫೋಟೋವನ್ನು ಹೊರತೆಗೆದು ನೋಡಿದರು. ಸ್ಟುಡಿಯೋದವರು ನೆಗೆಟಿವ್ ತಿರುವಿ ಹಾಕಿ ತೆಗೆದ ಪ್ರತಿ, ಎಡವೆಲ್ಲ ಬಲವಾಗಿತ್ತು. “ಅಂಗಿ ಜೇಬು ಬಲಗಡೆ ಇತ್ತು. ಕಂಡಿದ್ದೆ ನಾನು. ದರ್ಜಿ ತಪ್ಪು ಅಂದ್ಕೊಂಡು ಜೇಬನ್ನ ಎಡಕ್ಕೆ ತಂದೆ. ಜೇಬು ತಿದ್ದಿದ ಜಾಣೆಗೆ ಕೈ ಹೊಳೀಲಿಲ್ಲ ನೋಡಿ.”

ಅದೇ ವಾರ ನಗರಸಭೆಗೆ ಕಾಗದ ಬರೆದರು. ತಪ್ಪು ನನ್ನದು, ಎರಡೂ ಮೊಣಕೈಗಳ ಕೆಳಗೆ ಕತ್ತರಿಸಿ, ಹೊಸದಾಗಿ ಎರಕ ಹೊಯ್ದು ಬೆಸೆಯಲು ಅಪ್ಪಣೆ ಕೊಡಿ, ದುಡಿಮೆ ನನ್ನದೇ, ಕೂಲಿ ಬೇಡ. ಬರೆದ ಕಾಗದ ಸಲಕರಣೆ ಪೆಟ್ಟಿಗೆಯ ತಳ ಸೇರಿತು. ಇನ್ನೊಂದು ಕೆಲಸ ಸಿಗಲಿ, ಆಮೇಲೆ ಹಾಕೋಣ ಎಂದುಕೊಂಡೇ ಆರು ವರ್ಷ.

ನಿನ್ನೆ ಆ ಹೆಂಡತಿ ಸೂಲಗಿತ್ತಿಯನ್ನು ನೋಡಲು ಶೆಡ್ಡಿಗೆ ಬಂದಿದ್ದರು. ಸುತ್ತ ಒಂದು ಸಲ ನಡೆದು ಕೇಳಿದರು: “ಈಯಮ್ಮಂಗೆ ಯಾವ ಕೈ ರೂಢಿ ಅಂತ ಮನೆಯೋರನ್ನ ಕೇಳಿದ್ರಾ?” ಮಾತಿನಲ್ಲಿ ಕುಹಕವಿರಲಿಲ್ಲ. ಅದೇ ಚುಚ್ಚಿತು. ಮಣ್ಣಕ್ಕ ತಮ್ಮ ತಪ್ಪನ್ನು ಇದ್ದದ್ದು ಇದ್ದ ಹಾಗೆ ಹೇಳಿದರು.

“ಗೊತ್ತಿತ್ತು ಬಿಡಿ,” ಎಂದರು ಆಕೆ. “ಮಗಳು ಕೇಳ್ತಾಳೆ ಅಷ್ಟೆ, ಅಪ್ಪ ಯಾಕೆ ಬೇರೆ ಯಾರ ಥರಾನೋ ನಿಂತಿದಾನೆ ಅಂತ.”

ಕೊನೆಯ ದುಪ್ಪಟಿ ಸುತ್ತಿ ಇಳಿದ ಮಣ್ಣಕ್ಕ ಪೆಟ್ಟಿಗೆಯಿಂದ ಕಾಗದ ತೆಗೆಯುತ್ತಾರೆ. ಹಳೆಯ ತಾರೀಖು ಹೊಡೆದುಹಾಕಿ ಇಂದಿನದು ಬರೆಯುತ್ತಾರೆ. ಚಹಾ ತಂದ ತಂಗಿಯ ಮುಖ ಗಂಟಾಗುತ್ತದೆ.

“ಗುರುವಾರ ಕಳೀಲಿ ಅಕ್ಕಾ. ಎಡ ಬಲ ಗೊತ್ತಿಲ್ದೋಳಿಗೆ ಯಾಕೆ ಕೊಟ್ವಿ ಅಂತಾರೆ.”

“ಅನ್ಲಿ. ಒಪ್ಪಿಗೆ ಕೈಗೆ ಬಂದ್ಮೇಲೆ ತಪ್ಪು ಒಪ್ಕೊಂಡ್ರೆ ಅದು ವ್ಯಾಪಾರ ಕಣೆ.”

“ನಿನ್ನ ಹಟಕ್ಕೆ ನನ್ನ ಸೊಂಟ ಬಲಿ. ಮತ್ತೆ ಮಣ್ಣು ತುಳಿಯೋಳು ನಾನೇ ತಾನೆ?” ಎನ್ನುತ್ತಲೇ ತಂಗಿ ಚಪ್ಪಲಿ ಮೆಟ್ಟುತ್ತಾರೆ.

ಬೀದಿಯ ತುದಿಯ ಅಂಚೆಪೆಟ್ಟಿಗೆಗೆ ಇನ್ನೂರು ಹೆಜ್ಜೆ. “ಆಯಮ್ಮನೂ ಮಗಳೂ ಆ ವೃತ್ತದಲ್ಲಿ ಕತ್ತೆತ್ತಿದ್ರೆ ಅವರ ಮನುಷ್ಯ ಕಾಣ್ಬೇಕು,” ಎನ್ನುತ್ತಾರೆ ಮಣ್ಣಕ್ಕ. “ಅಷ್ಟಾದ್ರೆ ಸಾಕು.” ಪೆಟ್ಟಿಗೆಯ ಬಾಯಿಯಲ್ಲಿ ಕೈ ಒಂದು ಕ್ಷಣ ನಿಲ್ಲುತ್ತದೆ.

“ಹಾಕ್ತೀಯೋ, ಇದರ ಕಿವೀನೂ ನೋಡ್ಬೇಕೋ?” ಎನ್ನುತ್ತಾರೆ ತಂಗಿ.

ಕಾಗದ ಒಳಗೆ ಬಿದ್ದ ಸದ್ದು ಇಬ್ಬರಿಗೂ ಕೇಳಿಸುತ್ತದೆ. ಮಣ್ಣಕ್ಕ ಆಗಲೇ ತಿರುಗಿದ್ದಾರೆ.

“ನಡಿ ನಡಿ. ಬಿಸಿಲೇರ್ತಿದೆ, ಬಟ್ಟೆ ಒಣಗತ್ತೆ.”